ಕಾಳಿ ದಂಡಿ ಮ್ಯಾಲ ನಡಿಯಾಕ ಬುಕಿಂಗ್ ಯಾಕ?

ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ, ತಪ್ಪಿದ್ರೆ ತಿದ್ರಿ.

ಹೋದ ಭಾನುವಾರ ನಾವು ಐದು ಜನ ಒಂದು ಹುಚ್ಚು ಕೆಲಸ ಮಾಡಿದೆವು. ದಾಂಡೇಲಿಯಲ್ಲಿ ಕಾಳಿ ಹೊಳೆಯ ದಂಡೆ ಹಿಡಿದು, ಎಲ್ಲೂ ದಂಡೆ ಬಿಡದೆ, ನಡೆದು ನೋಡೋಣ ಅಂತ ಹೊರಟೆವು. ಮೌಳಂಗಿ ಕಡೆಯಿಂದ ಶುರು ಮಾಡೋದು, ಹಾಲಮಡ್ಡಿಯ ಮೊಸಳೆ ಪಾರ್ಕ್ ಕಡೆ ಮುಗಿಸೋದು. ನಾನು, ಸಂಘಟನೆಯ ಇಬ್ಬರು ಹುಡುಗರು, ಹಳಿಯಾಳದಿಂದ ಬಂದ ನಿವೃತ್ತ ಮಾಸ್ತರು ಒಬ್ಬರು, ಮತ್ತು ನಮ್ಮ ಓಣಿಯ ಅಕ್ಕ. ಅಕ್ಕನಿಗೆ ಅರವತ್ತು ದಾಟಿದೆ. "ನೀವೆಲ್ಲಾ ಹೊಳಿ ನೋಡಾಕ ಹೊಂಟೀರಿ, ನಾ ನನ್ನ ಕಲ್ಲು ನೋಡಾಕ ಬರತೇನಿ" ಅಂತ ಜೊತೆಗೆ ಬಂದಳು.

ನಾನು ಆಫೀಸಿನಲ್ಲಿ ಕಾರಕೂನ. ಎಣಿಸೋದು ನನ್ನ ಚಟ. ದಂಡೆ ಬಿಟ್ಟು ರಸ್ತೆಗೆ ಬರಬೇಕಾದದ್ದು ಒಂಬತ್ತು ಸಲ. ಒಂದು ಕಡೆ ತಂತಿ ಬೇಲಿ. ಒಂದು ಕಡೆ ಎತ್ತರದ ಗೋಡೆ. ಒಂದು ಕಡೆ ದಾಟಲಾಗದ ಗಟಾರು. ಒಂದು ಕಡೆ ಕೋಳಿ ಅಂಗಡಿಯವರು ತಂದು ಸುರಿದ ಪುಕ್ಕ, ಕರುಳು. ಉಳಿದ ಕಡೆಗಳಲ್ಲಿ ಗೇಟು.

ಒಂದು ಗೇಟಿನ ಹತ್ತಿರ ನಡೆದದ್ದನ್ನು ಹೇಳಲೇಬೇಕು. ರೆಸಾರ್ಟಿನ ಹೆಸರು ಬೇಡ, ಅದು ಒಂದರ ಕಥೆ ಅಲ್ಲ. ವಾಚ್‌ಮನ್ ಎದ್ದು ಬಂದ. ನೋಡಿದರೆ ನಮ್ಮವನೇ ಹುಡುಗ, ನಮ್ಮ ಏಪ್ರಿಲ್ 14ರ ಮೆರವಣಿಗೆಯಲ್ಲಿ ಧ್ವಜ ಹಿಡಿದವನು. ತಲೆ ತಗ್ಗಿಸಿ ಹೇಳಿದ: "ಅಣ್ಣಾ, ಬುಕಿಂಗ್ ಇಲ್ಲದವರನ್ನ ಒಳಗ ಬಿಡೂ ಹಂಗಿಲ್ರಿ. ನಿಮ್ಮನ್ನ ಬಿಟ್ರ ನನ್ನ ನೌಕರಿ ಹೊಕ್ಕೈತಿ." ಅವನ ಮೇಲೆ ಸಿಟ್ಟು ಬರಲಿಲ್ಲ, ಸಂಕಟ ಆಯಿತು.

ಅಕ್ಕ ಗೇಟಿನ ಸಂದಿಯಿಂದ ಒಳಗೆ ಇಣುಕಿ ನೋಡಿದಳು. ಹುಲ್ಲು ಹಾಸು, ನಾಲ್ಕು ಕುರ್ಚಿ, ಆಚೆ ನೀರು. ನೀರಿನ ಅಂಚಿಗೆ ಒಂದು ಚಪ್ಪಟೆ ಬಂಡೆ. "ತಮ್ಮಾ, ಆ ಕಲ್ಲಿನ ಮ್ಯಾಲ ನಾ ಇಪ್ಪತ್ತು ವರ್ಷ ಕೌದಿ ಒಗದೇನಿ. ಈಗ ಅದನ್ನ ನೋಡಾಕೂ ಬುಕಿಂಗ್ ಬೇಕೇನು?"

ಮಹಾನವಮಿ ಬಂತೆಂದರೆ ಮನೆಯ ಕೌದಿ, ಹಾಸಿಗೆ, ಹಳೆ ಸೀರೆ ಎಲ್ಲ ಗಂಟು ಕಟ್ಟಿ ಹೊಳೆಗೆ ಹೋಗುತ್ತಿದ್ದ ದಿನ ನಮ್ಮ ವಯಸ್ಸಿನವರಿಗೆ ನೆನಪಿದೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ತನಕ ಹೊಳೆಯಲ್ಲೇ. ಹೆಂಗಸರಿಗೆ ವರ್ಷಕ್ಕೊಂದು ದಿನದ ಬಿಡುವು ಅಂದರೆ ಅದೇ. ಆ ಬಂಡೆಯ ಮೇಲೆ ಈಗ ಬೆಂಗಳೂರಿನಿಂದ ಬಂದವರು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ಬೇಡ ಅನ್ನೋದಿಲ್ಲ. ಆದರೆ ಒಗೆದವಳು ಗೇಟಿನ ಹೊರಗೆ ಯಾಕೆ?

ನನ್ನ ಮಾತು ಇಷ್ಟೇ. ದಾಂಡೇಲಿಯಲ್ಲಿ ಕಾಳಿ ದಂಡೆಗೆ ಒಂದು ನಡಿಗೆ ದಾರಿ ಬೇಕು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಗೇಟಿಲ್ಲದ, ಟಿಕೆಟ್ಟಿಲ್ಲದ ದಾರಿ. ಅದನ್ನು ಕೇಳಬೇಕಾದವರು ಟೂರಿಸಂನವರಲ್ಲ, ನಾವು. ನೀರಿನ ಹತ್ತಿರಕ್ಕೆ ನಡೆದು ಹೋಗೋದು ಈ ದೇಶದಲ್ಲಿ ನಮಗೆ ವಾಕಿಂಗ್ ಆಗಿರಲಿಲ್ಲ, ಚಳವಳಿ ಆಗಿತ್ತು.

1927ರ ಮಾರ್ಚ್ 20 ನೆನಪು ಮಾಡ್ಕೊಳ್ರಿ. ಮಹಾಡದಲ್ಲಿ ಬಾಬಾಸಾಹೇಬರು ಪರಿಷತ್ತಿನ ಪೆಂಡಾಲಿನಿಂದ ಎದ್ದು ಊರೊಳಗಿನ ರಸ್ತೆಯಲ್ಲಿ ಚವದಾರ್ ಕೆರೆಗೆ ನಡೆದರು. ಹಿಂದೆ ಸಾವಿರಾರು ಜನ ಸಾಲಾಗಿ ಹೆಜ್ಜೆ ಹಾಕಿದರು. ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ಆಮೇಲೆ ನಮ್ಮವರ ತಲೆ ಒಡೆದದ್ದು, ಸಗಣಿ ಗಂಜಲ ಸುರಿದು ಕೆರೆ 'ಶುದ್ಧ' ಮಾಡಿದ್ದು, ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಲ್ಲಿ ಮನುಸ್ಮೃತಿ ಸುಟ್ಟದ್ದು ನಿಮಗೆಲ್ಲ ಗೊತ್ತು. ಕೆರೆ ಎಲ್ಲರದು ಅಂತ ಮುಂಬಯಿ ಹೈಕೋರ್ಟು ಹೇಳುವ ಹೊತ್ತಿಗೆ 1937 ಆಗಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೋರ್ಟು.

ಮಾಸ್ತರು ನಡೆಯುತ್ತಾ ಒಂದು ಮಾತು ನೆನಪಿಸಿದರು, ನಮ್ಮ ಹುಡುಗರು ಬೆರಗಾದರು. ಮಹಾಡದ ನಡಿಗೆಗೆ ಬಲ ಕೊಟ್ಟದ್ದು ಎಸ್.ಕೆ. ಬೋಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ 1923ರಲ್ಲಿ ತಂದ ಠರಾವು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಆಗ ನಮ್ಮ ಜಿಲ್ಲೆ ಯಾವ ಪ್ರಾಂತದಲ್ಲಿತ್ತು? ಮುಂಬಯಿ ಪ್ರಾಂತದಲ್ಲೇ. 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಪೂರ್ತಿ ಮುಂಬಯಿಗೆ ಸೇರಿತ್ತು. ಅಂದರೆ ಮಹಾಡದ ಕೆರೆಗೆ ಮಾಡಿದ ಠರಾವೇ ಹಳಿಯಾಳದ ಕೆರೆಗೂ, ಸೂಪಾದ ಹೊಳೆಗೂ. ನಾವು ಮಹಾಡವನ್ನು ಎಲ್ಲೋ ಮಹಾರಾಷ್ಟ್ರದ ಕಥೆ ಅಂತ ಭಾಷಣ ಮಾಡುತ್ತೇವೆ. ಅದು ನಮ್ಮ ಪ್ರಾಂತದ್ದೇ ಕಥೆ.

ಆಮೇಲೆ ಸಂವಿಧಾನ ಬಂತು. 15ನೇ ವಿಧಿಯ 2ನೇ ಖಂಡ ತೆಗೆದು ಓದ್ರಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ, ಇವನ್ನು ಬಳಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಬರೆದವರು ಯಾರಿಗೆ ಏನನ್ನು ನಿರಾಕರಿಸಿದ್ದರು ಅಂತ ಮೈಮೇಲೆ ಅನುಭವಿಸಿದವರು. ಅದಕ್ಕೇ ಒಂದೊಂದೇ ಜಾಗದ ಹೆಸರು ಹಿಡಿದು ಬರೆದಿದ್ದಾರೆ.

ಈಗ ಯಾರಾದರೂ ಕೇಳಬಹುದು, "ರೆಸಾರ್ಟಿನವರು ಜಾತಿ ಕೇಳಲಿಲ್ಲವಲ್ಲ, ಬುಕಿಂಗ್ ಕೇಳಿದರು" ಅಂತ. ಖರೆ ಮಾತು. ಕಾನೂನಿನ ಪ್ರಕಾರ ಅದು ಅಸ್ಪೃಶ್ಯತೆ ಅಲ್ಲ, ನಾನೂ ಹಾಗೆ ಕೇಸು ಹಾಕು ಅನ್ನೋದಿಲ್ಲ. ಆದರೆ ಗೇಟಿನ ಒಳಗೆ ಕೂತವರು ಯಾರು, ಹೊರಗೆ ನಿಂತವರು ಯಾರು, ಗೇಟು ಕಾಯುವವನು ಯಾರು, ರಾತ್ರಿ ಪಾತ್ರೆ ತೊಳೆಯುವವಳು ಯಾರು ಅಂತ ಒಂದು ದಿನ ಕೂತು ಪಟ್ಟಿ ಮಾಡಿ ನೋಡ್ರಿ. ಜಾತಿ ಕೇಳದೇನೇ ಜಾತಿ ಪಟ್ಟಿ ತಯಾರಾಗಿರುತ್ತದೆ. ಆಗ ಮೈಲಿಗೆ ಅಂತ ದೂರ ಇಟ್ಟರು. ಈಗ ರೇಟು ಹೇಳಿ ದೂರ ಇಡುತ್ತಾರೆ.

ಸಿದ್ದಿ ಬಂಧುಗಳ ಡಮಾಮಿ ಕುಣಿತವನ್ನೇ ತಗೊಳ್ರಿ. ಅತಿಥಿಗಳಿಗೆ ಅಂತ ರಾತ್ರಿ ಬೆಂಕಿಯ ಸುತ್ತ ಕುಣಿಸುತ್ತಾರೆ. ಹಳಿಯಾಳ, ಜೋಯಿಡಾ, ಮುಂಡಗೋಡ ಕಾಡಂಚಿನಲ್ಲಿ ತಲೆತಲಾಂತರದಿಂದ ಇರುವ ಜನ, 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಒಪ್ಪಿಸಿಕೊಳ್ಳುವುದಕ್ಕೂ ಹೋರಾಡಬೇಕಾಯಿತು. ಕುಣಿತ ಮುಗಿದ ಮೇಲೆ ಅವರೂ ನಮ್ಮಂತೆಯೇ ಗೇಟಿನ ಹೊರಗೆ.

ಹೊರಗಿನ ಊರುಗಳಲ್ಲಿ ಹೇಗಿದೆ? ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಹೋಗುವ ನಮ್ಮವರಿಗೆ ಮುಂಬಯಿ ಗೊತ್ತು. ಒಂದು ಸಲ ನಾನು ದಾದರಿಗೆ ಹೋಗುವ ಮುಂಚೆ ಚರ್ಚ್‌ಗೇಟಿನಲ್ಲಿ ಇಳಿದು ಮರೈನ್ ಡ್ರೈವಿಗೆ ಹೋದೆ. ಸಮುದ್ರ ತುಂಬಿ ಮಾಡಿದ ರಸ್ತೆ, ಪಕ್ಕದಲ್ಲಿ ಮೂರೂವರೆ ಕಿಲೋಮೀಟರ್‌ಗೂ ಉದ್ದದ ಅಗಲವಾದ ಕಟ್ಟೆ. ಹಿಂದೆ ಕೋಟಿಗಟ್ಟಲೆ ಬೆಲೆಯ ಮನೆಗಳು. ಮುಂದಿನ ಕಟ್ಟೆಯ ಮೇಲೆ ಕೂಲಿಯವನು, ಕಾಲೇಜು ಹುಡುಗಿ, ನೀಲಿ ಶಾಲು ಹೊದ್ದ ಅಜ್ಜಿ ಸಾಲಾಗಿ ಕೂತಿದ್ದರು. ಯಾರೂ ಏಳು ಅನ್ನಲಿಲ್ಲ. ಬಾಬಾಸಾಹೇಬರು ಪ್ರಿನ್ಸಿಪಾಲರಾಗಿದ್ದ ಸರ್ಕಾರಿ ಲಾ ಕಾಲೇಜು ಅಲ್ಲೇ ಹತ್ತಿರ.

ಆದರೆ ಮುಂಬಯಿಯನ್ನೂ ಹೊಗಳಿ ಅಟ್ಟಕ್ಕೇರಿಸೋದು ಬೇಡ. ಅಲ್ಲಿಂದ ದಾದರ್ ಕಡೆಗೆ ಹೊರಟರೆ ಮಲಬಾರ್ ಹಿಲ್ ಬಂದಕೂಡಲೇ ದಂಡೆ ಕೈತಪ್ಪುತ್ತದೆ. ತುದಿಯಲ್ಲಿ ರಾಜಭವನ, ಆಚೆ ದೊಡ್ಡವರ ಬಂಗಲೆ. ಹಾಜಿ ಅಲಿ ದರ್ಗಾದ ಹತ್ತಿರ ಮತ್ತೆ ಸಮುದ್ರ ಸಿಗುತ್ತದೆ. ಮುಂದೆ ವರ್ಲಿ. ಅಲ್ಲಿ ಸಮುದ್ರ ನೋಡಿ ಖುಷಿಪಟ್ಟು ಬರುವವರಿಗೆ ಸ್ವಲ್ಪ ಒಳಗಿರುವ ಬಿಡಿಡಿ ಚಾಳುಗಳು ಕಾಣೋದಿಲ್ಲ. 1972ರಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್‌ನ ಹುಡುಗರು 1974ರ ಜನವರಿಯಲ್ಲಿ ಲಾಠಿ, ಕಲ್ಲು ಎದುರಿಸಿದ ಜಾಗ ಅದು. ಕೊನೆಗೆ ದಾದರ್ ಚೌಪಾಟಿಯ ಮರಳು. 1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ಚಿತೆ ಉರಿದದ್ದು ಅಲ್ಲೇ. ಸ್ತೂಪ ಅನಾವರಣ ಆಗಲು 1971ರ ಡಿಸೆಂಬರ್ ಬರಬೇಕಾಯಿತು. ಪ್ರವಾಸದ ಪುಸ್ತಕದಲ್ಲಿ ಗೇಟ್‌ವೇ, ಮರೈನ್ ಡ್ರೈವ್, ಹಾಜಿ ಅಲಿ ಇರುತ್ತವೆ. ಚೈತ್ಯಭೂಮಿಗೆ ಒಂದು ಸಾಲು ಸಿಕ್ಕರೆ ಪುಣ್ಯ. ದಾರಿ ಇದ್ದರೆ ಸಾಲದು, ದಾರಿಯಲ್ಲಿ ಯಾರ ಹೆಸರಿನ ಫಲಕ ಇದೆ ಅನ್ನೋದೂ ಮುಖ್ಯ.

ಇನ್ನೊಂದು ಉದಾಹರಣೆ ಎಚ್ಚರಿಕೆಗೆ. ಅಹಮದಾಬಾದಿನ ಸಾಬರಮತಿ ರಿವರ್‌ಫ್ರಂಟ್. ಹೊಳೆಯ ಎರಡೂ ಕಡೆ ಹನ್ನೊಂದು ಕಿಲೋಮೀಟರ್‌ಗೂ ಉದ್ದಕ್ಕೆ ಕಾಂಕ್ರೀಟ್ ದಂಡೆ, 2012ರಲ್ಲಿ ಜನರಿಗೆ ತೆರೆದರು. ನೋಡಲು ಚೆಂದ. ಆದರೆ ಆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದ ಮೇಲೆ ಅದು ಚೆಂದ ಆಯಿತು. ಜನ ಹೈಕೋರ್ಟಿಗೆ ಹೋಗಬೇಕಾಯಿತು. ಊರಾಚೆ ಮನೆ ಸಿಕ್ಕಿತು, ಕೂಲಿ ಊರೊಳಗೇ ಉಳಿಯಿತು. ಅಲ್ಲಿ ತುಂಬಿ ಕಾಣುವ ನೀರೂ ನರ್ಮದಾ ಕಾಲುವೆಯಿಂದ ತಂದದ್ದು. 'ರಿವರ್‌ಫ್ರಂಟ್' ಅನ್ನೋ ಪದ ಕೇಳಿದರೆ ನನಗೆ ಭಯ ಆಗೋದು ಇದಕ್ಕೇ. ನಮಗೆ ರಿವರ್‌ಫ್ರಂಟ್ ಬೇಡ. ಕಾಲುದಾರಿ ಸಾಕು. ಮಣ್ಣಿನದಾದರೂ ಸಾಕು. ಯಾರ ಮನೆಯೂ ಏಳಬಾರದು.

ಈಗ ನಮ್ಮ ಊರಿನ ದಾರಿಗೆ ಬರ್ತೀನಿ. ಈ ನಡಿಗೆಯಲ್ಲಿ ನೋಡುವಂಥದ್ದು ಏನಿದೆ? ಬೇಕಾದಷ್ಟಿದೆ. ಊರಿನ ಹೆಸರಿನಿಂದಲೇ ಶುರು ಮಾಡ್ರಿ. ದಾಂಡೇಲಪ್ಪ ಯಾರು? ಮಿರಾಶಿ ಜಮೀನುದಾರರ ಮನೆಯ ಆಳು ಅಂತ ಹಿರಿಯರು ಹೇಳುವ ಕಥೆ. ಧಣಿಗೆ ನಿಷ್ಠನಾಗಿದ್ದೇ ಅವನ ಜೀವಕ್ಕೆ ಎರವಾಯಿತು, ಆಮೇಲೆ ದೇವರಾದ. ರಾಜನ ಹೆಸರಿನ, ಸಾಹುಕಾರನ ಹೆಸರಿನ ಊರು ದೇಶದ ತುಂಬ ಇವೆ. ಒಬ್ಬ ಆಳಿನ ಹೆಸರಿನ ಊರು ಎಷ್ಟಿವೆ ಹೇಳ್ರಿ? ನಾವು ಅದನ್ನು ಎದೆ ತಟ್ಟಿ ಹೇಳಬೇಕಿತ್ತು. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಿತ್ತು: ಬದುಕಿದ್ದಾಗ ಕೊಡದ ಮರ್ಯಾದೆ ಸತ್ತ ಮೇಲೆ ಯಾಕೆ ಕೊಡುತ್ತೀರಿ?

ಎರಡನೆಯದು ಕಾಗದ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆ ಆದಮೇಲೆ ಈ ಊರು ಊರಾಯಿತು. ಕಾಡಿನ ಬಿದಿರು, ಕಾಳಿಯ ನೀರು, ಎಲ್ಲೆಲ್ಲಿಂದಲೋ ಬಂದ ಕೂಲಿ ಜನ. ನಮ್ಮಪ್ಪನೂ ಹಾಗೆ ಬಂದವರೇ, ಲಾರಿಯಿಂದ ಬಿದಿರು ಇಳಿಸಿ ನಮ್ಮನ್ನು ಓದಿಸಿದವರು. ಅವರಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ನಾನು ದಿನಾ ಫೈಲಿನ ಹಾಳೆ ತಿರುವಿ ಹಾಕುತ್ತೇನೆ. ಕಾಗದ ಆದದ್ದು ಹೇಗೆ ಅಂತ ಹೇಳುವ ಒಂದು ಫಲಕ ಹೊಳೆದಂಡೆಯಲ್ಲಿ ಇರಲಿ, ಅದರಲ್ಲಿ ಬಿದಿರು ಕಡಿದವರು, ಇಳಿಸಿದವರು ಇರಲಿ.

ಮೂರನೆಯದು ಸೂಪಾ. ದಾಂಡೇಲಿಗೆ ಬರುವ ನೀರು ಗಣೇಶಗುಡಿಯ ಸೂಪಾ ಅಣೆಕಟ್ಟು ದಾಟಿ ಬರುತ್ತದೆ. 101 ಮೀಟರ್ ಎತ್ತರದ ಅಣೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ರಾಫ್ಟಿಂಗ್, ಬಿಡದಿದ್ದರೆ ಇಲ್ಲ. ರಾಫ್ಟಿನಲ್ಲಿ ಕೂತು ಕಿರುಚುವ ಮಕ್ಕಳಿಗೆ, ಆ ನೀರಿನ ಕೆಳಗೆ ಸೂಪಾ ಅನ್ನೋ ಊರು ಮುಳುಗಿದೆ, ತಾಲೂಕಿನ ಹೆಸರೇ ಬದಲಾಗಿ ಜೋಯಿಡಾ ಆಯಿತು, ಎಬ್ಬಿಸಿದ ಜನರನ್ನು ರಾಮನಗರದಲ್ಲಿ ಕೂರಿಸಿದರು ಅಂತ ಯಾರು ಹೇಳುತ್ತಾರೆ? ನಡಿಗೆ ದಾರಿಯಲ್ಲಿ ಅವರಿಗೊಂದು ಕಲ್ಲು ಬೇಕು.

ನಾಲ್ಕನೆಯದು ಹೇಳುವಾಗ ಗಂಟಲು ಕಟ್ಟುತ್ತದೆ. 2021ರ ಅಕ್ಟೋಬರ್‌ನಲ್ಲಿ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಹುಡುಗನನ್ನು ಮೊಸಳೆ ಎಳೆದುಕೊಂಡು ಹೋಯಿತು. ಊರಿಗೆ ಊರೇ ದಂಡೆಯಲ್ಲಿ ನಿಂತಿತ್ತು. ಇದನ್ನೇ ಹಿಡಿದು ಕೆಲವರು ವಾದಿಸುತ್ತಾರೆ, ಮೊಸಳೆ ಇರುವ ಹೊಳೆಗೆ ನಡಿಗೆ ದಾರಿ ಯಾಕೆ, ಬೇಲಿ ಹಾಕಿ ಮುಚ್ಚಿಬಿಡಿ ಅಂತ. ಅದಕ್ಕೆ ನನ್ನ ಉತ್ತರ: ಬೇಲಿ ಬೇಕು, ಖಂಡಿತ ಬೇಕು. ಆದರೆ ಬೇಲಿಯನ್ನು ನೀರಿಗೂ ದಾರಿಗೂ ನಡುವೆ ಹಾಕಬೇಕು, ಜನರಿಗೂ ದಾರಿಗೂ ನಡುವೆ ಅಲ್ಲ. ದಂಡೆಗೆ ಜನ ಓಡಾಡುತ್ತಿದ್ದರೆ, ದೀಪ ಇದ್ದರೆ, ಕಾವಲುಗಾರ ಇದ್ದರೆ, ಮಾಂಸದ ಕಸ ಸುರಿಯೋದು ನಿಂತರೆ, ಅಪಾಯ ಕಡಿಮೆ ಆಗುತ್ತದೆ. ಹೊಳೆಗೆ ಒಗೆಯಲು ಹೋಗಬೇಡಿ ಅನ್ನುವವರು ಮೊದಲು ಓಣಿಯ ನಲ್ಲಿಗೆ ದಿನಾ ನೀರು ಬಿಡಲಿ. ನಲ್ಲಿ ಒಣಗಿದ ದಿನ ಮೊಸಳೆಯ ಫಲಕ ಓದಿ ಯಾರೂ ವಾಪಸು ಬರೋದಿಲ್ಲ.

"ರೆಸಾರ್ಟಿನಿಂದ ನಮ್ಮ ಹುಡುಗರಿಗೆ ಕೆಲಸ ಸಿಕ್ಕಿಲ್ಲವಾ?" ಅಂತ ಸಂಘಟನೆಯ ಒಬ್ಬ ಹುಡುಗ ನನ್ನನ್ನೇ ಕೇಳಿದ. ಅವನ ತಮ್ಮ ರಾಫ್ಟಿಂಗ್ ಗೈಡ್. ಸಿಕ್ಕಿದೆ, ಇಲ್ಲ ಅನ್ನೋದಿಲ್ಲ. ಪ್ರವಾಸಿಗರು ಬರಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಇಡೀ ದಂಡೆ ಗೇಟಿನೊಳಗೆ ಹೋದರೆ ನಮ್ಮ ಹುಡುಗ ಕೊನೆತನಕ ಗೇಟು ಕಾಯಬೇಕು. ದಂಡೆ ಎಲ್ಲರದಾಗಿ ಉಳಿದರೆ ಅದೇ ಹುಡುಗ ಚಹಾದ ಗಾಡಿ ಇಡಬಹುದು, ಜನರಿಗೆ ಊರಿನ ಕಥೆ ಹೇಳಿ ತಿರುಗಾಡಿಸಬಹುದು, ಅವನವ್ವ ಜೋಳದ ರೊಟ್ಟಿ ಮಾರಬಹುದು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದವರಿಗೆ ಗೊತ್ತು. 1966ರಿಂದ ಅಲ್ಲಿ ನೆಲೆಸಿದ ನಿರಾಶ್ರಿತರು ಅವರು. ಹಿರಿಯರು ಜಪಮಣಿ ಎಣಿಸುತ್ತಾ ಸುತ್ತು ಹಾಕುತ್ತಾರೆ, ಹೋದವರೂ ಅದೇ ದಾರಿಯಲ್ಲಿ ಹೆಜ್ಜೆ ಹಾಕಬಹುದು. ಪಕ್ಕದಲ್ಲೇ ಅವರ ಅಂಗಡಿ, ಹೋಟೆಲು ನಡೆಯುತ್ತವೆ.

ಇನ್ನು ಕಾರಕೂನನ ಭಾಷೆಯಲ್ಲಿ ಎರಡು ಮಾತು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ನದಿ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು. ದಂಡೆಯ ಮೇಲಿನ ಜಮೀನು ಪಟ್ಟಾ ಇರಬಹುದು, ಅದು ಅವರ ಹಕ್ಕು. ಆದರೆ ಪಾತ್ರ ಎಲ್ಲಿ ಮುಗಿಯಿತು, ಪಟ್ಟಾ ಎಲ್ಲಿ ಶುರುವಾಯಿತು? ನಾವು ನಡೆದ ದಾರಿಯಲ್ಲಿ ಹಾಗೆ ತೋರಿಸುವ ಒಂದೇ ಒಂದು ಕಲ್ಲು ನಮಗೆ ಕಾಣಲಿಲ್ಲ. ಕಲ್ಲು ಇಲ್ಲದ ಕಡೆ ಬೇಲಿಯೇ ಗಡಿ ಆಗುತ್ತದೆ. ವರ್ಷಕ್ಕೆ ಎರಡು ಮಾರು ಬೇಲಿ ಮುಂದೆ ಹೋದರೂ ಕೇಳುವವರಿಲ್ಲ. ಹಾಗಾಗಿ ನಮ್ಮ ಬೇಡಿಕೆಗಳು ಇವು:

1. ದಾಂಡೇಲಿ ವ್ಯಾಪ್ತಿಯಲ್ಲಿ ಕಾಳಿ ನದಿಯ ಎರಡೂ ದಂಡೆಯ ಸರ್ವೇ ಆಗಲಿ. ಗಡಿ ಕಲ್ಲು ನೆಡಲಿ, ನಕ್ಷೆಯನ್ನು ನಗರಸಭೆಯ ಗೋಡೆಗೆ ಅಂಟಿಸಲಿ.

2. ಸರ್ಕಾರದ ಜಾಗದಲ್ಲಿ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ನಡಿಗೆ ದಾರಿ. ಟಿಕೆಟ್ ಇಲ್ಲ. ದಂಡೆಯಲ್ಲಿ ವಾಸ ಇರುವ ಬಡವರ ಒಂದು ಗುಡಿಸಲೂ ಇದರ ಹೆಸರಿನಲ್ಲಿ ಏಳಬಾರದು. ಪ್ರಾಣಿಗಳ ಜಾಗ ಬಿಟ್ಟು, ಅರಣ್ಯ ಇಲಾಖೆಯ ಸಲಹೆ ಕೇಳಿಯೇ ಮಾಡಲಿ.

3. ಒಗೆಯಲು, ದನ ತೊಳೆಯಲು, ಮಣ್ಣು ಮಾಡಿದ ಮೇಲೆ ಕೈಕಾಲು ತೊಳೆಯಲು ಜನ ಬಳಸುತ್ತಾ ಬಂದ ಘಾಟುಗಳಿಗೆ ಜಾಲರಿ, ದೀಪ. ಅವನ್ನು ಯಾರಿಗೂ ಲೀಸಿಗೆ ಕೊಡಬಾರದು.

4. ಊರಿನ ಗಟಾರು ನೀರು ಶುದ್ಧ ಆಗದೆ ಹೊಳೆಗೆ ಬೀಳೋದು ನಿಲ್ಲಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಮಲಿನ ನದಿ ಭಾಗಗಳಲ್ಲಿ ಕರ್ನಾಟಕದ್ದು 17, ಅದರಲ್ಲಿ ಕಾಳಿಯ ಹೆಸರೂ ಇತ್ತು. ಗಟಾರಿಗೆ ಮನುಷ್ಯರನ್ನು ಇಳಿಸಿ ಅಲ್ಲ, ಯಂತ್ರದಿಂದ. 2013ರ ಕಾಯ್ದೆ ನೆನಪಿರಲಿ.

5. ಫಲಕಗಳಲ್ಲಿ ದಾಂಡೇಲಪ್ಪ, ಬಿದಿರು ಕೂಲಿಗಳು, ಸೂಪಾದ ಜನ, ಸಿದ್ದಿಗಳು, ಕುಣಬಿಗಳು ಇರಲಿ. ಬರೀ ಹುಲಿ, ಮಂಗಟ್ಟೆ ಹಕ್ಕಿಯ ಚಿತ್ರ ಸಾಲದು.

ಇದು ನಾಳೆಯೇ ಆಗುತ್ತದೆ ಅನ್ನುವ ಭ್ರಮೆ ನನಗಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಎಷ್ಟು ದಿನ ಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅರ್ಜಿ ಹೋಗುವ ತನಕ ನಾವು ಸುಮ್ಮನೆ ಕೂರಬೇಕಿಲ್ಲ. 2016ರಲ್ಲಿ ಬೆಂಗಳೂರಿನಿಂದ ಉಡುಪಿಗೆ 'ಚಲೋ ಉಡುಪಿ' ಅಂತ ಹೊರಟವರು ನಾವು. ನಮ್ಮ ಊರಿನ ಹೊಳೆ ಎಷ್ಟು ದೂರ?

ಈ ಮಾರ್ಚ್ 20, ಮಹಾಡದ ದಿನ, ಬೆಳಿಗ್ಗೆ 7 ಗಂಟೆಗೆ ಕುಳಗಿ ರಸ್ತೆಯ ಕಾಳಿ ಸೇತುವೆ ಹತ್ತಿರ ಸೇರೋಣ. ಘೋಷಣೆ ಬೇಡ, ಮೈಕು ಬೇಡ. ದಂಡೆ ಹಿಡಿದು ನಡೆಯೋಣ. ಗೇಟು ಬಂದಲ್ಲಿ ಜಗಳ ಮಾಡೋದಿಲ್ಲ, ವಾಚ್‌ಮನ್ ತಮ್ಮನಿಗೆ ತೊಂದರೆ ಕೊಡೋದಿಲ್ಲ. ಎಲ್ಲಿ ದಂಡೆ ಬಿಡಬೇಕಾಯಿತು ಅಂತ ಬರೆದುಕೊಳ್ಳೋಣ, ಫೋಟೋ ತೆಗೆಯೋಣ. ಆ ಪಟ್ಟಿಯನ್ನೇ ಅರ್ಜಿಗೆ ಲಗತ್ತಿಸೋಣ. ಹಳಿಯಾಳ, ಜೋಯಿಡಾ, ಮುಂಡಗೋಡದ ಸಂಗಾತಿಗಳು ಬರ್ರಿ. ಹೆಣ್ಣುಮಕ್ಕಳು ಬರಲೇಬೇಕು. ಹೊಳೆ ನಮಗಿಂತ ಅವರಿಗೇ ಹೆಚ್ಚು ಗೊತ್ತು.

ಅಕ್ಕ ಆಗಲೇ ಹೇಳಿದ್ದಾಳೆ: "ನಾ ಒಂದು ಕೌದಿ ತಗೊಂಡು ಬರತೇನಿ. ಒಗಿಯಾಕ ಬಿಟ್ರ ಒಗಿತೇನಿ, ಬಿಡದಿದ್ರ ಗೇಟಿನ ಮುಂದ ಹಾಸ್ಕೊಂಡು ಕುಂದ್ರತೇನಿ."

ಬರುವವರು ಕಮೆಂಟಿನಲ್ಲಿ ತಿಳಿಸ್ರಿ, ಚಹಾ ನಾಷ್ಟಾ ಲೆಕ್ಕ ಹಾಕಬೇಕು.

ಜೈ ಭೀಮ್.